ಪುಡಿಗೆ ಸಂತೆಯಲ್ಲಿ ಗ್ರಾಹಕರಿದ್ದಾರೆ, ಕೆಚ್ಚಲಿನಲ್ಲಿ ಇಲ್ಲ

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಮ್ಮ ಕಡೆಯ ಸಂತೆಯಲ್ಲಿ ಒಬ್ಬ ಟೆಂಪೊ ನಿಲ್ಲಿಸಿಕೊಂಡು ಮೈಕಿನಲ್ಲಿ ಕೂಗುತ್ತಿದ್ದ. ‘ಗ್ರೋತ್ ಫ್ಯಾಕ್ಟರ್ ಪೌಡರ್ ನೋಡ್ರಿ, ದಾಣಿಯಾಗ ಎರಡು ಚಮಚ ಹಾಕ್ರಿ, ಎಂಟು ದಿನದಾಗ ಹಾಲು ಡಬಲ್ ಆಗ್ತದ.’ ಕೆಜಿಗೆ 600 ರೂಪಾಯಿ. ನಾನು ಬದನೆಕಾಯಿ ಆರಿಸಿ ಮುಗಿಸುವಷ್ಟರಲ್ಲಿ ಹತ್ತು ಹನ್ನೆರಡು ಮಂದಿ ಕೊಂಡು ಹೋದರು. ಅವರಲ್ಲಿ ನಮ್ಮ ಪಕ್ಕದ ಮನೆಯ ಕಾಕಾನೂ ಒಬ್ಬರು. ಸುಮ್ನೆ ದುಡ್ಡು ಹಾಳು ಮಾಡ್ತೀರಿ ಅಂತ ಹೇಳಿದೆ. ‘ಮಾಸ್ತರ್, ಪಾಕೀಟಿನ ಮ್ಯಾಲ ಇಂಗ್ಲಿಷಿನಾಗ ಬರದಾರ, ಸುಳ್ಳು ಬರೀತಾರೇನ್ರಿ’ ಅಂದರು. ಸಂತೆಯಲ್ಲಿ ನಿಂತು ಉತ್ತರ ಹೇಳೋಕೆ ಆಗಲಿಲ್ಲ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಕತ್ತರಿಸುವುದಾದರೆ ನನ್ನ ಪರಿಚಯ ಕತ್ತರಿಸಿ, ವಿಷಯ ಬಿಡಿ.

ನಾನು ಭಾಲ್ಕಿ ತಾಲ್ಲೂಕಿನವನು. 28 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ಈಗ ಎರಡು ಎಮ್ಮೆ, ಒಂದು ದೇವಣಿ ಆಕಳು ಕಟ್ಟಿಕೊಂಡಿದ್ದೇನೆ. ಅಂದರೆ ಹೇಳುವುದೆಲ್ಲ ಪುಸ್ತಕದ ಬದನೆಕಾಯಿ ಅಲ್ಲ, ಬೆಳಗ್ಗೆ ಐದಕ್ಕೆ ಸಗಣಿ ಬಾಚುವ ಕೈಯೇ ಇದನ್ನು ಬರೆಯುತ್ತಿರುವುದು.

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಗ್ರೋತ್ ಫ್ಯಾಕ್ಟರ್ ಅನ್ನುವುದು ಸುಳ್ಳಲ್ಲ. ಜೀವಕೋಶಗಳಿಗೆ ಬೆಳೆ, ಒಡೆದು ಎರಡಾಗು, ಸಾಯಬೇಡ ಎಂದು ಹೇಳುವ ಸಣ್ಣ ಪ್ರೋಟೀನುಗಳು ನಿಜವಾಗಿಯೂ ಮೈಯಲ್ಲಿ ಇವೆ. ಇವನ್ನು ಕಂಡುಹಿಡಿದದ್ದಕ್ಕೆ ಸ್ಟಾನ್ಲಿ ಕೋಹೆನ್ ಮತ್ತು ರೀಟಾ ಲೆವಿ ಮೊಂಟಾಲ್ಚಿನಿ ಅವರಿಗೆ 1986ರಲ್ಲಿ ನೊಬೆಲ್ ಸಿಕ್ಕಿತು. ಹಾಲಿಗೂ ಇವಕ್ಕೂ ಸಂಬಂಧ ಇರುವುದೂ ನಿಜ. ಅರ್ಧ ನಿಜ ಇರುವುದರಿಂದಲೇ ಪುಡಿ ಮಾರುವವನ ಮಾತು ನಂಬುವಂತೆ ಕೇಳಿಸುತ್ತದೆ. ಅವನು ಹೇಳದೆ ಬಿಟ್ಟದ್ದು ಇನ್ನರ್ಧ. ಅದರ ಹೆಸರು ರಿಸೆಪ್ಟರ್.

ಕನ್ನಡದ ಕೆಲವು ಪುಸ್ತಕಗಳಲ್ಲಿ ರಿಸೆಪ್ಟರ್‌ಗೆ ‘ಗ್ರಾಹಕ’ ಅಂತ ಬರೆದಿರುತ್ತಾರೆ. ಪಾಠ ಮಾಡುವಾಗ ಹುಡುಗರು ನಗುತ್ತಿದ್ದರು, ಸರ್ ಜೀವಕೋಶಕ್ಕೂ ಗಿರಾಕಿ ಬರ್ತಾರಾ ಅಂತ. ನಾನು ಅದನ್ನು ಕಿವಿ ಅಂತ ಕರೆಯುತ್ತಿದ್ದೆ. ಹಿಂದೆ ಊರಲ್ಲಿ ಡಂಗುರ ಸಾರುತ್ತಿದ್ದರಲ್ವಾ, ಹಾಗೆ ಹಾರ್ಮೋನು, ಅಂದರೆ ಮೈಯ ಒಂದು ಭಾಗ ಇನ್ನೊಂದಕ್ಕೆ ಕಳಿಸುವ ಸುದ್ದಿಗಾರ, ರಕ್ತದಲ್ಲಿ ಇಡೀ ಮೈ ಸುತ್ತುತ್ತದೆ. ಕೊಂಬಿನ ಬುಡಕ್ಕೂ ಹೋಗುತ್ತದೆ, ಗೊರಸಿನ ತನಕವೂ ಹೋಗುತ್ತದೆ. ಆದರೆ ಅದನ್ನು ಕೇಳಿಸಿಕೊಳ್ಳುವುದು ಅದಕ್ಕೆ ತಕ್ಕ ಕಿವಿ ಇರುವ ಜೀವಕೋಶ ಮಾತ್ರ. ಈ ಕಿವಿಯೂ ಒಂದು ಪ್ರೋಟೀನು. ಜೀವಕೋಶದ ಪೊರೆಯಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ ಕೂತಿರುತ್ತದೆ. ಹೊರಗೆ ಹಾರ್ಮೋನು ಬಂದು ಕೂತರೆ ಒಳಗಿನ ಭಾಗ ಎಚ್ಚರಾಗುತ್ತದೆ, ಅದು ಇನ್ನೊಂದನ್ನು ಎಬ್ಬಿಸುತ್ತದೆ, ಅದು ಮತ್ತೊಂದನ್ನು, ಹೀಗೆ ಸುದ್ದಿ ಕೈಯಿಂದ ಕೈಗೆ ಹೋಗಿ ಕೊನೆಗೆ ಜೀನುಗಳ ತನಕ ಮುಟ್ಟುತ್ತದೆ.

ಕೆಚ್ಚಲಿನಲ್ಲಿ ಹಾಲು ಮಾಡುವ ಜೀವಕೋಶಕ್ಕೆ ಇಂಥ ಹಲವು ಬಗೆಯ ಕಿವಿಗಳಿವೆ. ಹಾಲು ಮಾಡಿಸುವ ಹಾರ್ಮೋನು ಪ್ರೊಲಾಕ್ಟಿನ್‌ಗೆ ಒಂದು, ಇನ್ಸುಲಿನ್‌ಗೆ ಒಂದು, ಐಜಿಎಫ್-1 ಎನ್ನುವ ಗ್ರೋತ್ ಫ್ಯಾಕ್ಟರ್‌ಗೆ ಒಂದು, ಇಜಿಎಫ್ ಎನ್ನುವ ಇನ್ನೊಂದು ಗ್ರೋತ್ ಫ್ಯಾಕ್ಟರಿನ ಬಳಗಕ್ಕೆ ನಾಲ್ಕು. ಪ್ರೊಲಾಕ್ಟಿನ್ ಬಂದು ತನ್ನ ಕಿವಿಯಲ್ಲಿ ಹೇಳಿದ್ದನ್ನು ಒಳಗೆ ಹೊತ್ತುಕೊಂಡು ಹೋಗಿ ಹಾಲಿನ ಪ್ರೋಟೀನು ಮಾಡುವ ಜೀನು ಚಾಲೂ ಮಾಡುವ ಆಳಿನ ಹೆಸರು ಸ್ಟ್ಯಾಟ್-5. ಇದರ ಜೀನು ಮೊದಲು ಸಿಕ್ಕಿದ್ದು 1994ರಲ್ಲಿ, ಹಾಲು ಕೊಡುವ ಕುರಿಯ ಕೆಚ್ಚಲಿನಿಂದ. ಕುರಿ ಕಾಯುವವರ ನಾಡಿನವರಾದ ನಮಗೆ ಇದು ಖುಷಿ ಕೊಡಬೇಕಾದ ಸುದ್ದಿ. ಇಜಿಎಫ್ ಬಳಗದ ಕಿವಿಗಳಲ್ಲಿ ಒಂದು ಅತಿಯಾಗಿ ಹೆಚ್ಚಾದರೆ ಹೆಂಗಸರಲ್ಲಿ ಒಂದು ಬಗೆಯ ಸ್ತನ ಕ್ಯಾನ್ಸರ್ ಆಗುತ್ತದೆ, ಡಾಕ್ಟರುಗಳು ಹರ್-2 ಅನ್ನುತ್ತಾರಲ್ಲ, ಅದು. ಆ ಮಾತು ಇಲ್ಲಿ ಬೇಡ, ಆದರೆ ‘ಬೆಳೆಸುವುದು’ ಅಂದರೆ ಎಲ್ಲಾ ಒಳ್ಳೆಯದೇ ಅಂತ ತಿಳಿಯುವವರಿಗೆ ನೆನಪಿರಲಿ ಅಂತ ಹೇಳಿದೆ.

ಈಗ ಪುಡಿಗೆ ಬರೋಣ. ಗ್ರೋತ್ ಫ್ಯಾಕ್ಟರ್ ಪ್ರೋಟೀನು. ಪ್ರೋಟೀನನ್ನು ಎಮ್ಮೆಯ ಬಾಯಿಗೆ ಹಾಕಿದರೆ ಏನಾಗುತ್ತದೆ? ಹತ್ತಿಕಾಳಿನ ಹಿಂಡಿಗೆ ಏನಾಗುತ್ತದೋ ಅದೇ ಆಗುತ್ತದೆ. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಕೂತು ತಿನ್ನುತ್ತಿರುತ್ತವೆ. ಅವು ಬಿಟ್ಟದ್ದನ್ನು ಮುಂದಿನ ಹೊಟ್ಟೆಯ ಆಮ್ಲ, ಕರುಳಿನ ರಸ ಒಡೆದು ಹಾಕುತ್ತವೆ. ಕೆಚ್ಚಲಿನ ಬಾಗಿಲಿಗೆ ಅದು ಗ್ರೋತ್ ಫ್ಯಾಕ್ಟರ್ ಆಗಿ ಮುಟ್ಟುವುದಿಲ್ಲ, ಪ್ರೋಟೀನಿನ ಬಿಡಿ ತುಣುಕು, ಬರೀ ಅಮೈನೋ ಆಮ್ಲವಾಗಿ ಮುಟ್ಟುತ್ತದೆ. ಅಷ್ಟಕ್ಕೆ 600 ರೂಪಾಯಿ ಯಾಕೆ, ಶೇಂಗಾ ಹಿಂಡಿ ಸಾಲದಾ? ಪಾಕೀಟಿನಲ್ಲಿ ನಿಜವಾಗಿ ಗ್ರೋತ್ ಫ್ಯಾಕ್ಟರ್ ಇದೆ ಅಂತಲೇ ಇಟ್ಟುಕೊಂಡು ಹೇಳಿದ ಮಾತಿದು. ಇಲ್ಲದಿದ್ದರೆ ಈ ಲೆಕ್ಕವೂ ಬೇಡ.

ಇಲ್ಲಿ ಯಾರಾದರೂ ಜಾಣರು ಕೇಳಬಹುದು, ಹಾಗಾದರೆ ಗಿಣ್ಣದ ಹಾಲು ಹೇಗೆ ಕೆಲಸ ಮಾಡುತ್ತದೆ ಅಂತ. ಒಳ್ಳೆ ಪ್ರಶ್ನೆ. ಗಿಣ್ಣದಲ್ಲಿ ಐಜಿಎಫ್-1, ಇಜಿಎಫ್ ಎರಡೂ ಇರುತ್ತವೆ, ಅದರಲ್ಲೂ ಐಜಿಎಫ್-1 ಮಾಮೂಲಿ ಹಾಲಿಗಿಂತ ಬಹಳ ಜಾಸ್ತಿ. ಕರುವಿನ ಮಟ್ಟಿಗೆ ಇದು ಬಾಯಿಯಿಂದ ಕೊಟ್ಟರೂ ನಡೆಯುತ್ತದೆ. ಯಾಕೆಂದರೆ ಕರುವಿಗೆ ದೊಡ್ಡ ಹೊಟ್ಟೆ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ, ಕುಡಿದ ಹಾಲು ಅದನ್ನು ದಾಟಿಕೊಂಡು ಸೀದಾ ಕೊನೆಯ ಹೊಟ್ಟೆಗೆ ಇಳಿಯುತ್ತದೆ. ಪ್ರೋಟೀನು ಬೇಗ ಒಡೆಯದಂತೆ ತಡೆಯುವ ವಸ್ತುವೂ ಗಿಣ್ಣದಲ್ಲೇ ಇರುತ್ತದೆ. ಕರುಳಿನ ಗೋಡೆಯಲ್ಲೇ ಇವಕ್ಕೆ ತಕ್ಕ ಕಿವಿಗಳಿರುತ್ತವೆ, ಕರುಳು ಬೆಳೆಯುವುದಕ್ಕೆ ಇವು ನೆರವಾಗುತ್ತವೆ. ರೋಗ ತಡೆಯುವ ಶಕ್ತಿಯೂ ಅದೇ ಹಾಲಿನಲ್ಲಿ ಬರುತ್ತದೆ, ಆದರೆ ಹುಟ್ಟಿ ಒಂದು ದಿನ ಆಗುವಷ್ಟರಲ್ಲಿ ಅದನ್ನು ರಕ್ತಕ್ಕೆ ಬಿಡುವ ಕರುಳಿನ ಬಾಗಿಲು ಮುಚ್ಚಿಬಿಡುತ್ತದೆ. ನಮ್ಮಲ್ಲಿ ಏನು ಮಾಡುತ್ತೇವೆ? ಮೊದಲ ಗಿಣ್ಣ ಬೆಲ್ಲ ಹಾಕಿ ಬೇಯಿಸಿ ಓಣಿಗೆಲ್ಲ ಹಂಚುತ್ತೇವೆ, ಕರುವಿಗೆ ಮಾಸು ಬಿದ್ದ ಮೇಲೆ ನೋಡೋಣ ಅನ್ನುತ್ತೇವೆ. ದೇವರೇ ಪುಕ್ಕಟೆ ಕೊಟ್ಟ ಗ್ರೋತ್ ಫ್ಯಾಕ್ಟರ್ ನಾವು ತಿಂದು, ಸಂತೆಯದ್ದನ್ನು ಎಮ್ಮೆಗೆ ತಿನ್ನಿಸುವುದು. ನನಗೂ ಗಿಣ್ಣ ಅಂದರೆ ಪ್ರಾಣ, ಅದು ಬೇರೆ ಮಾತು. ಮೊದಲು ಕರುವಿಗೆ ಹೊಟ್ಟೆ ತುಂಬ ಕೊಡಿ, ಉಳಿದದ್ದು ನಿಮ್ಮದು.

ಇಂಜಕ್ಷನ್ ಕೊಟ್ಟರೆ? ಅದಕ್ಕೊಂದು ದೊಡ್ಡ ಕತೆ ಇದೆ. 1937ರಲ್ಲೇ ಸೋವಿಯತ್ ರಷ್ಯಾದಲ್ಲಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಾರ ತೆಗೆದು ಆಕಳುಗಳಿಗೆ ಚುಚ್ಚಿ ಹಾಲು ಹೆಚ್ಚಾದದ್ದನ್ನು ಕಂಡಿದ್ದರು. ಆಮೇಲೆ ಅದರಲ್ಲಿ ಕೆಲಸ ಮಾಡಿದ್ದು ಗ್ರೋತ್ ಹಾರ್ಮೋನ್ ಅಂತ ಗೊತ್ತಾಯಿತು. ಬ್ಯಾಕ್ಟೀರಿಯಾದಲ್ಲಿ ಅದನ್ನು ತಯಾರಿಸುವುದು ಕಲಿತ ಮೇಲೆ ಅಮೆರಿಕ 1993ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿಯೂ ಅದು ಪುಡಿಯಲ್ಲ, 14 ದಿನಕ್ಕೊಮ್ಮೆ ಚುಚ್ಚಬೇಕು. ಅಷ್ಟು ದೊಡ್ಡ ಕಂಪನಿಗಳಿಗೆ ತಿನ್ನಿಸುವ ದಾರಿ ಸಿಗಲಿಲ್ಲ, ನಮ್ಮ ಟೆಂಪೊದವನಿಗೆ ಸಿಕ್ಕಿದೆ. ಕೆನಡಾ ದನಗಳ ಆರೋಗ್ಯಕ್ಕೆ ಒಳ್ಳೆಯದಲ್ಲ ಎಂದು 1999ರಲ್ಲಿ ಇದನ್ನು ಬೇಡ ಅಂದಿತು. ಯುರೋಪ್ ಒಕ್ಕೂಟವೂ ನಿಷೇಧಿಸಿತು.

ಆ ಹಾರ್ಮೋನು ಕೆಲಸ ಮಾಡುವ ಬಗೆಯಲ್ಲೇ ನಮ್ಮ ರೈತರು ತಿಳಿಯಬೇಕಾದ ಪಾಠ ಇದೆ. ಗ್ರೋತ್ ಹಾರ್ಮೋನು ಮುಖ್ಯವಾಗಿ ಮಾತಾಡುವುದು ಕೆಚ್ಚಲಿನ ಜೊತೆಗಲ್ಲ, ಲಿವರ್ ಜೊತೆಗೆ. ಲಿವರಿನಲ್ಲಿ ಅದರ ಕಿವಿಗಳಿವೆ. ಅಲ್ಲಿ ಕೇಳಿಸಿದರೆ ಲಿವರ್ ಐಜಿಎಫ್-1 ಮಾಡಿ ರಕ್ತಕ್ಕೆ ಬಿಡುತ್ತದೆ, ಅದು ಕೆಚ್ಚಲಿಗೆ ಬಂದು ಅಲ್ಲಿನ ಜೀವಕೋಶಗಳನ್ನು ಬದುಕಿಸಿ ಇಡುತ್ತದೆ. ಈಗ ನೋಡಿ. ಎಮ್ಮೆಯೋ ಆಕಳೋ ಈದ ಮೇಲೆ ಹಾಲಿಗೆ ಹೋಗುವಷ್ಟು ಶಕ್ತಿ ಮೇವಿನಿಂದ ಬರದೆ ಹೋದರೆ ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ. ಇನ್ಸುಲಿನ್ ಇಳಿದರೆ ಲಿವರಿನ ಆ ಕಿವಿಗಳೇ ಕಡಿಮೆಯಾಗುತ್ತವೆ. ಹಾರ್ಮೋನು ಕಡಿಮೆ ಆಗಿರುವುದಿಲ್ಲ, ಬದಲಿಗೆ ಜಾಸ್ತಿಯೇ ಆಗಿರುತ್ತದೆ, ಡಂಗುರ ಜೋರಾಗಿಯೇ ಹೊಡೆಯುತ್ತಿರುತ್ತದೆ, ಆದರೆ ಲಿವರ್ ಕೇಳುವುದಿಲ್ಲ, ಐಜಿಎಫ್-1 ಏಳುವುದಿಲ್ಲ. ಆಗ ಅದೇ ಹಾರ್ಮೋನು ಮೈಯ ಕೊಬ್ಬನ್ನು ಕರಗಿಸಿ ಹಾಲಿಗೆ ಕಳಿಸುತ್ತದೆ. ಈದ ಎರಡು ತಿಂಗಳಲ್ಲಿ ಆಕಳಿನ ಬೆನ್ನೆಲುಬು, ಪಕ್ಕೆಲುಬು ಎಣಿಸುವಂತೆ ಕಾಣುವುದು, ತಿಂಗಳುಗಟ್ಟಲೆ ಬೆದೆಗೆ ಬಾರದಿರುವುದು ಎಲ್ಲ ಇದರದ್ದೇ ಬಾಲ. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಅನ್ನುತ್ತೇವಲ್ಲ, ಹಸಿದ ಎಮ್ಮೆಯ ಮುಂದೆ ಹಾರ್ಮೋನು ಬಾರಿಸುವುದೂ ಹಾಗೇ. ಕೋಣನ ತಪ್ಪಲ್ಲ ಅದು. ಹೊಟ್ಟೆಗೆ ಹಾಕಿದರೆ ಕಿವಿ ತಾನೇ ತೆರೆಯುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಹೊಟ್ಟೆಗೆ ಏನಿದೆ? ಬೇಸಿಗೆಯಲ್ಲಿ ಜೋಳದ ಕಣಿಕಿ, ಕಣಿಕಿ, ಮತ್ತೂ ಕಣಿಕಿ. ಕಣಿಕಿ ಕೆಟ್ಟದ್ದಲ್ಲ, ಹೊಟ್ಟೆ ತುಂಬುತ್ತದೆ, ಆದರೆ ಹಾಲು ತುಂಬುವುದಿಲ್ಲ. ಕಲಬುರಗಿ ತೊಗರಿಯ ಕಣಜ ಅಂತ ದೇಶಕ್ಕೇ ಗೊತ್ತು, ಆ ತೊಗರಿಯ ಹೊಟ್ಟನ್ನು, ಬೇಳೆ ಮಿಲ್ಲಿನ ಚುನ್ನಿಯನ್ನು ಮಾರಿಬಿಡುತ್ತೇವೆ. ಬದುವಿನ ಮೇಲೆ ನಾಲ್ಕು ಸಾಲು ಹಸಿ ಹುಲ್ಲು, ಒಂದಿಷ್ಟು ಕುದುರೆ ಮಸಾಲೆ ಮೇವು ಹಾಕಿಕೊಳ್ಳಲು ನೀರಿದ್ದವರೂ ಸೋಮಾರಿತನ ಮಾಡುತ್ತಾರೆ, ನಾನೂ ಮೂರು ವರ್ಷ ಮಾಡಿದ್ದೇನೆ. ಇನ್ನು ಕುಡಿಯುವ ನೀರು. ಆಕಳ ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ. ಒಂದು ಲೀಟರ್ ಹಾಲು ಆಗಬೇಕಾದರೆ ಕೆಚ್ಚಲಿನ ಮೂಲಕ ಸುಮಾರು 400ರಿಂದ 500 ಲೀಟರ್ ರಕ್ತ ಹಾಯ್ದು ಹೋಗಬೇಕು. 42 ಡಿಗ್ರಿ ಬಿಸಿಲಲ್ಲಿ ಎಮ್ಮೆಯನ್ನು ತಗಡಿನ ಕೆಳಗೆ ಕಟ್ಟಿ ದಿನಕ್ಕೆ ಎರಡು ಬಕೆಟ್ ನೀರು ತೋರಿಸಿ ಹಾಲು ಬರಲಿಲ್ಲ ಅಂದರೆ ಎಲ್ಲಿಂದ ಬರಬೇಕು ಹೇಳಿ.

ಇನ್ನೊಂದು ಇಂಜಕ್ಷನ್ ಬಗ್ಗೆಯೂ ಹೇಳಿಬಿಡಬೇಕು, ಹಾಲು ಇಳಿಸುವ ಇಂಜಕ್ಷನ್. ಇದರಲ್ಲಿ ನನ್ನದೂ ತಪ್ಪಿದೆ. ಐದು ವರ್ಷದ ಹಿಂದೆ ನಮ್ಮ ಪಂಢರಪುರಿ ಎಮ್ಮೆಯ ಕರು ಹದಿನೈದು ದಿನಕ್ಕೆ ಸತ್ತಿತು. ಎಮ್ಮೆ ಸೊರ ಬಿಡಲಿಲ್ಲ, ಕೆಚ್ಚಲು ತುಂಬಿದ್ದರೂ ಮೊಲೆಗೆ ಹನಿ ಇಳಿಯಲಿಲ್ಲ. ಒಬ್ಬ ಹಾಲಿನ ವ್ಯಾಪಾರಿ ಬಂದು ಹೆಸರು ಚೀಟಿ ಏನೂ ಇಲ್ಲದ ಒಂದು ಬಾಟಲಿ ಕೊಟ್ಟು, ಹಿಂಡುವ ಮೊದಲು ಒಂದು ಸೂಜಿ ಚುಚ್ಚಿ ಅಂದ. ಚುಚ್ಚಿದೆ. ನಿಮಿಷದಲ್ಲಿ ಹಾಲು ಇಳಿಯಿತು. ವಿಜ್ಞಾನದ ಮೇಷ್ಟ್ರು ಅನ್ನುವುದು ಆವತ್ತು ನನಗೆ ನೆನಪಾಗಲೇ ಇಲ್ಲ ನೋಡಿ. ಎರಡು ತಿಂಗಳು ಚುಚ್ಚಿದ ಮೇಲೆ ಸೂಜಿ ಇಲ್ಲದಿದ್ದರೆ ಎಮ್ಮೆ ಒಂದು ಹನಿಯೂ ಬಿಡದಂತಾಯಿತು, ಸೂಜಿ ಕಂಡರೆ ಒದೆಯುವುದು ಬೇರೆ.

ಅದು ಆಕ್ಸಿಟೋಸಿನ್. ಗ್ರೋತ್ ಫ್ಯಾಕ್ಟರ್ ಅಲ್ಲ, ಹಾಲು ಮಾಡುವುದೂ ಇಲ್ಲ. ಹಾಲಿನ ಗುಳ್ಳೆಗಳನ್ನು ಸುತ್ತಿಕೊಂಡಿರುವ ಸಣ್ಣ ಸ್ನಾಯು ಜೀವಕೋಶಗಳಲ್ಲಿ ಅದರ ಕಿವಿಗಳಿವೆ, ಅದು ಬಂದರೆ ಅವು ಹಿಂಡುತ್ತವೆ, ಆಗಲೇ ಆಗಿರುವ ಹಾಲು ಕೆಳಗಿಳಿಯುತ್ತದೆ, ಅಷ್ಟೇ. ಕರು ಮೂತಿಯಿಂದ ಗುದ್ದಿದಾಗ ಎಮ್ಮೆಯ ಮೈಯೇ ಅದನ್ನು ಬಿಡುತ್ತದೆ. ನಾಯಿ ಬೊಗಳಿದರೆ, ಬೈದು ಹೊಡೆದರೆ ಅಡ್ರಿನಲಿನ್ ಎನ್ನುವ ಗಾಬರಿಯ ಹಾರ್ಮೋನು ಬಂದು ತಡೆಯುತ್ತದೆ. ಆಕಳಿಗೆ ಹಾಲಿನ ಐದನೇ ಒಂದು ಪಾಲಿನಷ್ಟಾದರೂ ಕೆಳಗಿನ ಚೀಲದಲ್ಲಿ ಮೊದಲೇ ಇಳಿದಿರುತ್ತದೆ, ಎಮ್ಮೆಗೆ ನೂರಕ್ಕೆ 5 ಪಾಲು ಇದ್ದರೆ ಹೆಚ್ಚು. ಅದಕ್ಕೇ ಕರು ಸತ್ತರೆ ಎಮ್ಮೆಯವರು ಜಾಸ್ತಿ ಕಂಗಾಲಾಗುವುದು, ಸೂಜಿಯವರ ಕೈಗೆ ಸಿಗುವುದು. ದಿನಾ ಹೊರಗಿನಿಂದ ಚುಚ್ಚಿಸಿಕೊಂಡ ಕೆಚ್ಚಲು ಮೈಯೊಳಗಿನ ಅಷ್ಟಿಷ್ಟು ಆಕ್ಸಿಟೋಸಿನ್‌ಗೆ ಸರಿಯಾಗಿ ಓಗೊಡುವುದಿಲ್ಲ. ಜೋರಾಗಿ ಕಿರುಚುವವರ ಮನೆಯಲ್ಲಿ ಮೆಲ್ಲಗೆ ಕರೆದರೆ ಯಾರೂ ತಿರುಗಿ ನೋಡುವುದಿಲ್ಲ ಅಲ್ವಾ, ಹಾಗೆ.

ಆ ಸೂಜಿಯ ಚಟ ಬಿಡಿಸಿದ್ದು ನಮ್ಮ ಮನೆಯಾಕೆ. ದಿನಾ ಅದೇ ಹೊತ್ತಿಗೆ, ಅವಳೊಬ್ಬಳೇ, ಮುಂದೆ ದಾಣಿ ಇಟ್ಟು, ಉಗುರು ಬೆಚ್ಚಗಿನ ನೀರಲ್ಲಿ ಕೆಚ್ಚಲು ತೊಳೆದು, ಕರು ಗುದ್ದಿದ ಹಾಗೆ ಅಂಗೈಯಿಂದ ನೀವಿ, ಬಾಯಲ್ಲಿ ಏನೋ ಗುನುಗುತ್ತಾ. ಮೊದಲ ವಾರ ಒಂದು ಲೋಟ ಬಂದರೆ ಹೆಚ್ಚು. ಮೂರನೇ ವಾರ ಬಕೆಟ್ ಕೈಯಲ್ಲಿ ಹಿಡಿದು ಬರುವ ಸದ್ದಿಗೇ ಎಮ್ಮೆ ಸೊರ ಬಿಡತೊಡಗಿತು. ಸೊರ ಬಿಟ್ಟ ಮೇಲೆ ಐದಾರು ನಿಮಿಷದಲ್ಲಿ ಹಿಂಡಿ ಮುಗಿಸಬೇಕು, ಆಕ್ಸಿಟೋಸಿನ್ ರಕ್ತದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮಧ್ಯದಲ್ಲಿ ಎದ್ದು ಫೋನಿನಲ್ಲಿ ಮಾತಾಡಿ ಬಂದರೆ ಹೋಯಿತು.

ಕಾನೂನು ಇಲ್ಲವಾ ಅಂದರೆ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಕಲಮಿನಲ್ಲಿ, ಹಾಲು ಹೆಚ್ಚಿಸಲು ದನದ ಆರೋಗ್ಯಕ್ಕೆ ಕೆಡುಕಾಗುವ ಇಂಜಕ್ಷನ್ ಕೊಟ್ಟರೆ ದಂಡ ಅಥವಾ ಎರಡು ವರ್ಷದ ತನಕ ಜೈಲು, ಇಲ್ಲವೇ ಎರಡೂ. ದನವನ್ನೂ ಸರ್ಕಾರ ವಶಕ್ಕೆ ತೆಗೆದುಕೊಳ್ಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಆಕ್ಸಿಟೋಸಿನ್ ತಯಾರಿಕೆಯನ್ನು ನಮ್ಮ ಬೆಂಗಳೂರಿನ ಸರ್ಕಾರಿ ಕಂಪನಿ ಕರ್ನಾಟಕ ಆಂಟಿಬಯೋಟಿಕ್ಸ್ ಒಂದಕ್ಕೇ ಬಿಡಲು ಹೊರಟಿತ್ತು, ದಿಲ್ಲಿ ಹೈಕೋರ್ಟ್ ಡಿಸೆಂಬರಿನಲ್ಲಿ ಅದನ್ನು ರದ್ದು ಮಾಡಿತು. ಹೆರಿಗೆಯಲ್ಲಿ ರಕ್ತಸ್ರಾವ ನಿಲ್ಲಿಸಲು ಅದೇ ಔಷಧಿ ಬೇಕು, ಹೆಂಗಸರ ಜೀವ ಉಳಿಸುವ ಮದ್ದು ಅದು, ಆಸ್ಪತ್ರೆಯಲ್ಲಿ ಸಿಗದಂತಾದರೆ ಕಷ್ಟ. ಹೀಗಾಗಿ ಔಷಧಿಯನ್ನು ಬೈದು ಪ್ರಯೋಜನ ಇಲ್ಲ. ಚೀಟಿ ಇಲ್ಲದ ಬಾಟಲಿ ಹಳ್ಳಿಗೆ ಬರುವ ದಾರಿ ಹುಡುಕಬೇಕು.

ಇನ್ನು ಎರಡು ಮಾತು ಬೇಗ ಹೇಳಿ ಮುಗಿಸುತ್ತೇನೆ. ಈದ ಒಂದೂವರೆ ಎರಡು ತಿಂಗಳಿಗೆ ಹಾಲು ಏರಿ ನಿಂತು ಆಮೇಲೆ ಇಳಿಯುವುದಕ್ಕೆ ಮುಖ್ಯ ಕಾರಣ, ಹಾಲು ಮಾಡುವ ಜೀವಕೋಶಗಳು ಒಂದೊಂದಾಗಿ ಸಾಯುವುದು. ಮತ್ತೆ ಈಯುವ ಮುಂಚೆ ಎರಡು ತಿಂಗಳು ಬತ್ತಿಸಿ ಬಿಟ್ಟರೆ ಹಳೆಯವು ಹೋಗಿ ಹೊಸವು ಹುಟ್ಟುತ್ತವೆ. ಗಬ್ಬದ ಎಮ್ಮೆಯನ್ನು ಈಯುವ ವಾರದ ತನಕ ಹಿಂಡುವವರು ಮುಂದಿನ ಸೂಲಿನ ಹಾಲನ್ನೇ ಈಗ ಕುಡಿಯುತ್ತಿದ್ದಾರೆ. ಇನ್ನೊಂದು, ಮಣಕ, ಅಂದರೆ ಇನ್ನೂ ಈಯದ ಹೆಣ್ಣು ಕರು. ಮೂರು ತಿಂಗಳಿಂದ ಮೊದಲ ಬೆದೆಯ ತನಕ ಕರುವಿನ ಕೆಚ್ಚಲು ಮೈಗಿಂತ ವೇಗವಾಗಿ ಬೆಳೆಯುತ್ತದೆ. ಆ ವಯಸ್ಸಿನಲ್ಲಿ ಅತಿಯಾಗಿ ದಾಣಿ ಹಾಕಿ ಕೊಬ್ಬಿಸಿದರೆ ಹಾಲಿನ ಗ್ರಂಥಿ ಕಡಿಮೆ ಬೆಳೆದು ಕೆಚ್ಚಲಲ್ಲಿ ಕೊಬ್ಬು ತುಂಬುತ್ತದೆ. ನಮ್ಮ ಕಡೆ ಆ ಭಯ ಇಲ್ಲ ಬಿಡಿ, ಹೆಣ್ಣು ಕರುವಿಗೆ ಹಾಕುವುದೇ ಉಳಿದ ಕಸ.

ಕಿವಿಯೂ ತಳಿಯಿಂದ ಬರುತ್ತದೆ. ಗ್ರೋತ್ ಹಾರ್ಮೋನಿನ ರಿಸೆಪ್ಟರಿನಲ್ಲಿ 279ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಹಾಲಿನ ಅಳತೆಯೂ, ಅದರಲ್ಲಿನ ಕೊಬ್ಬು ಪ್ರೋಟೀನಿನ ಪಾಲೂ ಬದಲಾಗುತ್ತದೆ ಅಂತ ವಿದೇಶದ ಆಕಳುಗಳಲ್ಲಿ 2003ರಲ್ಲಿ ತೋರಿಸಿದರು. ನಮ್ಮ ಬೀದರಿನ ನಂದಿನಗರದಲ್ಲೇ ರಾಜ್ಯದ ಪಶುವೈದ್ಯ ವಿಶ್ವವಿದ್ಯಾಲಯ ಇದೆ, ದೇವಣಿ ಈ ನೆಲದ್ದೇ ತಳಿ. ಅಲ್ಲಿನ ಪಂಡಿತರಲ್ಲಿ ನನ್ನ ವಿನಂತಿ ಇಷ್ಟೇ, ದೇವಣಿಯ ಕೆಚ್ಚಲು, ರಿಸೆಪ್ಟರ್, ಹಾಲು ಇವುಗಳ ಬಗ್ಗೆ ನಿಮಗೆ ತಿಳಿದದ್ದನ್ನು ನಮ್ಮ ಭಾಷೆಯಲ್ಲಿ ಎರಡು ಪುಟ ಬರೆದು ಸಂತೆಯ ದಿನ ಹಂಚಿ. ಟೆಂಪೊದವನ ಹತ್ತಿರ ಮೈಕ್ ಇದೆ, ನಿಮ್ಮ ಹತ್ತಿರವೂ ಒಂದು ಇರಲಿ. ಸಂಪಾದಕರೇ, ಇಂಥ ಪುಡಿಗಳ ಜಾಹೀರಾತು ಬಂದರೆ ನೀವೂ ಒಮ್ಮೆ ದನದ ಡಾಕ್ಟರನ್ನು ಕೇಳಿ ಹಾಕಿ. ಪಶು ಇಲಾಖೆಯವರು ಸಂತೆಯಲ್ಲಿ ಒಂದು ಪಾಕೀಟು ಕೊಂಡು ಪರೀಕ್ಷೆಗೆ ಕಳಿಸಿದರೆ 600 ರೂಪಾಯಿ ನಾನೇ ಕೊಡುತ್ತೇನೆ.

ಕಾಕಾ ಎಂಟು ದಿನ ಪುಡಿ ಹಾಕಿದರು. ಲೆಕ್ಕ ಇಡಿ ಅಂತ ನಾನೇ ಒಂದು ವಹಿ ಕೊಟ್ಟಿದ್ದೆ. ಮೊದಲ ದಿನ ನಾಲ್ಕು ಲೀಟರ್, ಎಂಟನೇ ದಿನವೂ ನಾಲ್ಕೇ. ಅರ್ಧ ಪಾಕೀಟು ಗೂಡಿನಲ್ಲಿ ಹಾಗೇ ಇದೆ. ಅದನ್ನು ಬೆರೆಸಿದ ದಾಣಿಯನ್ನು ಎಮ್ಮೆ ಈಗೀಗ ಮೂಸಿ ನೋಡಿ ಬಿಟ್ಟುಬಿಡುತ್ತದಂತೆ.

ಇಂತಿ,
ನಿಮ್ಮ ಓದುಗ, ನಿವೃತ್ತ ಮೇಷ್ಟ್ರು
ಭಾಲ್ಕಿ ತಾಲ್ಲೂಕು, ಬೀದರ್ ಜಿಲ್ಲೆ